ಮುಖ್ಯ ಅತಿಥಿಗಳ ನಾಲ್ಕು ಮಾತು



ಜುಲೈ ತಿಂಗಳು ಬಂತೆಂದರೆ ನಮ್ಮಂಥ ಊರುಗಳಲ್ಲಿ ಎರಡು ಸಂಗತಿ ತಪ್ಪುವುದಿಲ್ಲ. ಒಂದು, ಹಗ್ಗದ ಮೇಲೆ ಒಣಗದ ಬಟ್ಟೆ. ಇನ್ನೊಂದು, ಪದಗ್ರಹಣ ಸಮಾರಂಭದ ಆಮಂತ್ರಣ. ರೋಟರಿಯಾಗಲಿ, ಲಯನ್ಸ್ ಆಗಲಿ, ಅವರ ವರ್ಷ ಶುರುವಾಗುವುದೇ ಜುಲೈ 1ಕ್ಕೆ. ಹೊಸ ಅಧ್ಯಕ್ಷರು, ಹೊಸ ಕಾರ್ಯದರ್ಶಿ, ಹೊಸ ಖಜಾಂಚಿ. ಇವರಿಗೆಲ್ಲ ಹಾರ ಹಾಕಿ ಹಿತನುಡಿ ಹೇಳಲು ಪರಊರಿನಿಂದ ಒಬ್ಬ ಮುಖ್ಯ ಅತಿಥಿ. ನಮ್ಮ ಯಜಮಾನರು ಇಂಥದೊಂದು ಕ್ಲಬ್ಬಿನ ಸದಸ್ಯರಾದ್ದರಿಂದ ಭಾಷಣ ಕೇಳುವುದರಲ್ಲಿ ನನಗೂ ಸಾಕಷ್ಟು ಸರ್ವಿಸ್ ಆಗಿದೆ.

ಈ ಸಭೆಗಳ ರೀತಿ ನಿಮಗೂ ಗೊತ್ತಲ್ಲ. ಕಾರ್ಡಿನಲ್ಲಿ ಆರೂವರೆ ಎಂದಿದ್ದರೆ ಏಳೂಕಾಲಿಗೆ ಪ್ರಾರ್ಥನೆ. ಆಮೇಲೆ ಸ್ವಾಗತ. ಆಮೇಲೆ ಅತಿಥಿಗಳ ಪರಿಚಯ, ಅವರು ಯಾವ ಹೈಸ್ಕೂಲಿನಲ್ಲಿ ಓದಿದರು ಎಂಬಲ್ಲಿಂದ ಹಿಡಿದು. ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೋ. ಅತಿಥಿಗಳು ಎದ್ದು ನಿಂತು, "ನಾಲ್ಕೇ ನಾಲ್ಕು ಮಾತು ಹೇಳಿ ಮುಗಿಸ್ತೀನಿ" ಎಂದರೆ ನಲವತ್ತು ನಿಮಿಷ ಎಂದು ಲೆಕ್ಕ ಇಟ್ಟುಕೊಳ್ಳಬೇಕು. ಹಿಂದಿನ ಸಾಲಿನಲ್ಲಿ ಕೂತ ನಾವು ಹೆಂಗಸರು ಅಷ್ಟು ಹೊತ್ತಿಗೆ ಹೋಳಿಗೆ ಎಲ್ಲರಿಗೂ ಸಾಕಾಗುತ್ತೋ ಇಲ್ಲವೋ ಎಂದು ತಲೆ ಎಣಿಸುತ್ತಿರುತ್ತೇವೆ. ವಂದನಾರ್ಪಣೆ ಮುಗಿಯಿತು, ಊಟ ಆಯಿತು, ಅತಿಥಿಗಳ ಕಾರು ಹೊರಟಿತು. ಏನು ಹೇಳಿದರು ಎಂದು ಮಾರನೆ ದಿನ ಕೇಳಿದರೆ, "ಚೆನ್ನಾಗಿ ಮಾತಾಡಿದ್ರು" ಅಂತಾರೆ, ಅಷ್ಟೇ.

ಭಾಷಣವೆಂದರೆ ಇಷ್ಟೇ ಎಂದು ಮಾತ್ರ ತಿಳಿಯಬೇಡಿ. ಒಂದು ಭಾಷಣ ಒಂದು ಸಂಸ್ಥೆಯ ದಾರಿಯನ್ನೇ ತಿರುಗಿಸಿದ್ದುಂಟು. ಲಯನ್ಸ್ ಸಂಸ್ಥೆಯನ್ನು 1917ರಲ್ಲಿ ಶಿಕಾಗೋದಲ್ಲಿ ಕಟ್ಟಿದವರು ಮೆಲ್ವಿನ್ ಜೋನ್ಸ್ ಎಂಬ ವಿಮಾ ವ್ಯಾಪಾರಿ. 1925ರ ಜೂನ್ 30ರಂದು ಅಮೆರಿಕದ ಒಹಾಯೋ ರಾಜ್ಯದ ಸೀಡರ್ ಪಾಯಿಂಟ್ ಎಂಬಲ್ಲಿ ಅವರ ಮಹಾಸಮ್ಮೇಳನ ನಡೆದಾಗ ಅತಿಥಿಯಾಗಿ ಬಂದವರು ಹೆಲೆನ್ ಕೆಲ್ಲರ್. ಎರಡು ವರ್ಷ ತುಂಬುವ ಮೊದಲೇ ಕಾಯಿಲೆಯಿಂದ ಕಣ್ಣು, ಕಿವಿ ಎರಡನ್ನೂ ಕಳೆದುಕೊಂಡ ಹೆಣ್ಣುಮಗಳು. ಮೂರು ದಿನದ ಹಿಂದಷ್ಟೇ ಅವರಿಗೆ 45 ತುಂಬಿತ್ತು. ಉದ್ದದ ಭಾಷಣವೇನೂ ಅಲ್ಲ. ನೀವು ದೊಡ್ಡವರು, ನೀವು ಮಹನೀಯರು ಎಂದು ಹೊಗಳಿ ಕೂರಲಿಲ್ಲ. ಕಣ್ಣಿಲ್ಲದವರ ಕೆಲಸವನ್ನು ನಿಮ್ಮದು ಮಾಡಿಕೊಳ್ಳಿ, ತಡೆಯಬಹುದಾದ ಕುರುಡು ಇನ್ನು ಇರದಂತೆ ಮಾಡಿ ಎಂದು ಸೆರಗೊಡ್ಡಿ ಕೇಳಿದ ಹಾಗೆ ಕೇಳಿದರು. ಅಂದಿನಿಂದ ಇಂದಿನವರೆಗೆ ಲಯನ್ಸ್ ಎಂದರೆ ಕಣ್ಣಿನ ಶಿಬಿರ ಎಂಬ ಹೆಸರು ಉಳಿದಿದೆ. ನಮ್ಮೂರ ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸುವ 'ಉಚಿತ ನೇತ್ರ ತಪಾಸಣಾ ಶಿಬಿರ'ದ ಕಾಗದಕ್ಕೂ ಆ ಹೆಂಗಸಿನ ಮಾತಿಗೂ ನಂಟಿದೆ, ನೋಡಿ. ಹೆಲೆನ್ ಕೆಲ್ಲರ್ 1955ರಲ್ಲಿ ನಮ್ಮ ದೇಶಕ್ಕೂ ಬಂದು ಹೋಗಿದ್ದರು.

ಕಣ್ಣಿನ ಶಿಬಿರ ಎಂದಾಗ ನಮ್ಮ ಕಡೆಯ ಹಿರಿಯರು ನೆನೆಯುವುದು ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರನ್ನು. ಊರೂರು ತಿರುಗಿ ಸಾವಿರಾರು ಬಡವರ ಕಣ್ಣಿನ ಪೊರೆ ತೆಗೆದವರು. 1968ರಲ್ಲಿ ಪದ್ಮಭೂಷಣ ಬಂತು, 2005ರಲ್ಲಿ ತೀರಿಕೊಂಡರು. ಈಗ ಪದ್ಧತಿ ಬೇರೆ. ಊರಲ್ಲಿ ತಪಾಸಣೆ ಮಾತ್ರ. ಆಪರೇಷನ್ನಿಗೆ ಬಸ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಒಂದೆರಡು ದಿನದಲ್ಲಿ ವಾಪಸ್ ತಂದು ಬಿಡುತ್ತಾರೆ. ನಂಜಾಗದ ಹಾಗೆ ಅದೇ ಕ್ಷೇಮ.

ಈ ಬಸ್ಸಿನ ವಿಷಯಕ್ಕೇ ಬರುತ್ತೇನೆ. ಕೆಲವು ವರ್ಷಗಳ ಕೆಳಗೆ ನಮ್ಮ ಕ್ಲಬ್ಬಿಗೆ ಒಬ್ಬ ಕಣ್ಣಿನ ಡಾಕ್ಟರು ಅತಿಥಿಯಾಗಿ ಬಂದರು. ಹಾರ ಬೇಡ ಅಂದರು. ಒಂದು ಮೊರದಲ್ಲಿ ಅಕ್ಕಿ ತರಿಸಿ, ಮುಂದಿನ ಸಾಲಿನ ನಾಲ್ಕು ಜನ ಗಂಡಸರನ್ನು ಕರೆದು, ಅವರ ಕಣ್ಣಿಗೆ ಮಸುಕು ಪ್ಲಾಸ್ಟಿಕ್ ಹಾಳೆ ಅಡ್ಡ ಹಿಡಿದು, "ಕಲ್ಲು ಆರಿಸಿ ನೋಡೋಣ" ಎಂದರು. ದಿನಾ ಊಟದಲ್ಲಿ ಒಂದು ಕಲ್ಲು ಸಿಕ್ಕರೆ ಮನೆ ತಲೆಯ ಮೇಲೆ ಹೊತ್ತುಕೊಳ್ಳುವವರು ಅಲ್ಲಿ ತಡವರಿಸುವುದನ್ನು ನೋಡಿ ನಾವು ಹಿಂದೆ ಕೂತು ನಕ್ಕಿದ್ದೇ ನಕ್ಕಿದ್ದು! ಪೊರೆ ಬಂದವರಿಗೆ ಕಾಣುವುದು ಹೀಗೆ ಎಂದು ಡಾಕ್ಟರು ಹೇಳಿದರು. ಪೊರೆ 'ಹಣ್ಣಾಗುವ' ತನಕ ಕಾಯಬೇಕು ಎಂಬುದು ಹಳೆಯ ಕಾಲದ ಮಾತು, ದಿನದ ಕೆಲಸಕ್ಕೆ ತೊಂದರೆಯಾದರೆ ಸಾಕು, ಆಗಲೇ ತೆಗೆದು ಒಳಗೆ ಬೇರೆ ಲೆನ್ಸ್ ಕೂರಿಸಬಹುದು ಎಂದರು. ಎಲ್ಲಾ ಹದಿನೈದು ನಿಮಿಷ.

ಕೊನೆಗೆ ಅವರು ಒಂದು ಪ್ರಶ್ನೆ ಕೇಳಿದರು. "ಹೋದ ಸಲ ನಿಮ್ಮೂರ ಶಿಬಿರದಲ್ಲಿ ಹೆಸರು ಬರೆಸಿದ ಹೆಂಗಸರಲ್ಲಿ ಎಷ್ಟೋ ಜನ ಬಸ್ಸು ಹತ್ತಲೇ ಇಲ್ಲ. ಯಾಕೆ ಅಂತ ಯಾರಾದರೂ ಹೋಗಿ ಕೇಳಿದಿರಾ?"

ವೇದಿಕೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉತ್ತರ ಹಿಂದಿನ ಸಾಲಿನಿಂದ ಬಂತು. ನಮ್ಮ ಪಕ್ಕದ ಬೀದಿಯ, ಎಂದೂ ಸಭೆಯಲ್ಲಿ ಬಾಯಿ ಬಿಡದ ಒಬ್ಬಾಕೆ ಕೂತಲ್ಲಿಂದಲೇ, "ಮನೆ ಯಾರು ನೋಡ್ಕೋಬೇಕು ಸಾರ್?" ಅಂದರು.

ಅಷ್ಟೇ ಕಾರಣ! ನಮಗೆ ಹೂಕೋಸು, ಸೊಪ್ಪು ತರುವ ಅಜ್ಜಿಯೂ ಆ ಪಟ್ಟಿಯಲ್ಲಿ ಇದ್ದರು. ನೋಟನ್ನು ಕಣ್ಣಿಗೆ ಒತ್ತಿ ನೋಡುತ್ತಿದ್ದರು. ಐವತ್ತು ಕೊಟ್ಟು ಇಪ್ಪತ್ತು ಅಂದರೂ ನಂಬುವ ಸ್ಥಿತಿ, ಕೆಲವರು ಹಾಗೆ ಅಂದೂ ಇದ್ದರಂತೆ. ಯಾಕಜ್ಜಿ ಹೋಗಲಿಲ್ಲ ಅಂದರೆ, "ಮಗ ಸೊಸೆ ಕೂಲಿಗೆ ಹೋಗ್ತಾರೆ, ಮೊಮ್ಮಗೂನ ಯಾರ ಹತ್ರ ಬಿಡ್ಲವ್ವ? ಮುದುಕಿ ಕಣ್ಣು, ಇದ್ರೇನು ಹೋದ್ರೇನು" ಅಂದರು. ಗಂಡಸರು ಬಸ್ಸು, ಊಟ, ಬ್ಯಾನರು, ಪತ್ರಿಕಾ ವರದಿ ಎಲ್ಲ ಯೋಚಿಸಿದ್ದರು. ಈ ಮೊಮ್ಮಗುವನ್ನು ಯೋಚಿಸಿರಲಿಲ್ಲ.

ಮುಂದಿನ ಶಿಬಿರಕ್ಕೆ ನಾವು ಏಳೆಂಟು ಜನ ಪಟ್ಟಿ ಹಿಡಿದು ಮನೆ ಮನೆಗೆ ಹೋದೆವು. ಒಬ್ಬರ ಮಗುವನ್ನು ಇನ್ನೊಬ್ಬರು ನೋಡಿಕೊಳ್ಳುವುದು, ಎರಡು ದಿನ ಅನ್ನ ಸಾರು ಕಳಿಸುವುದು, ಎಮ್ಮೆ ಹಾಲು ಕರೆಯಲು ನೆರೆಯವರಿಗೆ ಹೇಳುವುದು, ಇಷ್ಟೇ ಏರ್ಪಾಡು. ವಾಪಸ್ ಬಂದ ಮೇಲೆ ಸುಮಾರು ಒಂದು ತಿಂಗಳು ಹೊತ್ತಿಗೆ ಸರಿಯಾಗಿ ಕಣ್ಣಿಗೆ ಹನಿ ಬಿಡಬೇಕು, ಒಲೆಯ ಹೊಗೆ, ಧೂಳು ತಾಕಬಾರದು, ಕಣ್ಣು ಉಜ್ಜಬಾರದು. ಇದನ್ನೂ ನಾವೇ ಸರದಿಯ ಮೇಲೆ ನೋಡಿಕೊಂಡೆವು. ಅಜ್ಜಿ ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಬಂದವರೇ ನನ್ನನ್ನು ದಿಟ್ಟಿಸಿ ನೋಡಿ, "ಏನವ್ವ, ನಿನ್ ತಲೇಲಿ ಇಷ್ಟೊಂದು ಬಿಳಿಕೂದ್ಲು ಇತ್ತಾ?" ಅನ್ನಬೇಕೆ!

ಅಲ್ಲಿಂದೀಚೆಗೆ ತಿಂಗಳಿಗೆ ಒಬ್ಬ ಅತಿಥಿಯನ್ನು ಕರೆಯುವ ಕೆಲಸ ನಮ್ಮ ಪಾಲಿಗೆ ಬಿಡಿ ಎಂದು ಹಟ ಹಿಡಿದು ಪಡೆದುಕೊಂಡೆವು. ಸುಲಭವಾಗಿ ಕೊಟ್ಟರು ಅಂದುಕೊಳ್ಳಬೇಡಿ. "ಲೇಡೀಸ್ ಪ್ರೋಗ್ರಾಂ ಅಂದ್ರೆ ರಂಗೋಲಿ ಸ್ಪರ್ಧೆ ಇಟ್ಕೊಳ್ಳಿ" ಎಂದವರೂ ಇದ್ದರು. ರಂಗೋಲಿ ಬೇಡವೆಂದಲ್ಲ, ನನಗೂ ಇಷ್ಟವೇ, ಆದರೆ ಹೆಂಗಸರಿಗೆ ಅದಷ್ಟೇ ಸಾಕೆಂದು ಗೆರೆ ಎಳೆಯುವವರು ಅವರು ಯಾರು? 1923ರ ನವೆಂಬರಿನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರೋಟರಿ ಸದಸ್ಯರ ಮನೆಯ 27 ಹೆಂಗಸರು ಸೇರಿದಾಗ ಅವರಿಗೆ ಸಿಕ್ಕಿದ ಜಾಗ ಒಂದು ಸಾರ್ವಜನಿಕ ಸ್ನಾನಗೃಹದ ಕೋಣೆ. ಮುಂದೆ ನಿಂತವರು ಮಾರ್ಗರೆಟ್ ಗೋಲ್ಡಿಂಗ್ ಎಂಬ ನರ್ಸು. 1924ರ ಜನವರಿ 10ರಂದು ಇನ್ನರ್ ವೀಲ್ ಹುಟ್ಟಿದ್ದು ಹೀಗೆ. ರೋಟರಿಯೊಳಗೇ ಹೆಂಗಸರು ಸದಸ್ಯರಾಗಲು 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪು ಬರಬೇಕಾಯಿತು, ಎಲ್ಲ ದೇಶಕ್ಕೂ ನಿಯಮ ಬದಲಾದದ್ದು 1989ರಲ್ಲಿ. 2022ರಲ್ಲಿ ಕೆನಡಾದ ಜೆನಿಫರ್ ಜೋನ್ಸ್ ಇಡೀ ಜಗತ್ತಿನ ರೋಟರಿಗೆ ಅಧ್ಯಕ್ಷೆಯಾದರು. ಈಗಲೂ 'ನಮ್ಮಲ್ಲಿ ಅದೆಲ್ಲ ಇಲ್ಲ' ಎನ್ನುವವರಿಗೆ ಇದನ್ನು ಓದಿ ಹೇಳಿ.

ಅತಿಥಿಗಳೆಂದರೆ ಬೆಂಗಳೂರಿನಿಂದಲೇ ಬರಬೇಕಾಗಿಲ್ಲ. ನಮ್ಮ ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಿಂದ ಒಬ್ಬ ವಕೀಲೆ ಬಂದು, ಹೆಂಗಸರಿಗೆ ವರಮಾನ ಎಷ್ಟೇ ಇರಲಿ ಸರ್ಕಾರದಿಂದ ಉಚಿತ ಕಾನೂನು ನೆರವು ಸಿಗುತ್ತದೆ ಎಂದು ಹೇಳಿದ ದಿನ ಹಾಲ್ ನಿಶ್ಶಬ್ದ. ಸಭೆ ಮುಗಿದ ಮೇಲೆ ಇಬ್ಬರು ಅವರ ಹಿಂದೆಯೇ ಗೇಟಿನ ತನಕ ಹೋದರು. ಏನು ಮಾತಾಡಿದರೋ, ನಾವು ಕೇಳಲಿಲ್ಲ. ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಬಂದು ರಬ್ಬರ್ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು ಎಂದಾಗ ಮನೆಗೆ ಹೋಗಿ ಎಲ್ಲರೂ ಮಾಡಿದ ಮೊದಲ ಕೆಲಸ ಸ್ಟೌವ್ ಹಿಂದೆ ಬಗ್ಗಿ ನೋಡಿದ್ದು. ರಕ್ತದಾನ ಶಿಬಿರದಲ್ಲಿ ರಕ್ತ ಕೊಡಲು ಹೋದ ನಮ್ಮಲ್ಲಿ ಹಲವರನ್ನು, ಹಿಮೋಗ್ಲೋಬಿನ್ 12.5 ಗ್ರಾಂ ಇಲ್ಲ ಎಂದು ವಾಪಸ್ ಕಳಿಸಿದರು. ಕೊಡಲು ಹೋಗಿ ನಮಗೇ ಇಲ್ಲ ಎಂದು ತಿಳಿದುಕೊಂಡು ಬಂದೆವು! ಮುಂದಿನ ತಿಂಗಳ ಅತಿಥಿ ಯಾರೆಂದು ಅಲ್ಲೇ ತೀರ್ಮಾನವಾಯಿತು: ಆರೋಗ್ಯ ಕೇಂದ್ರದ ನರ್ಸಮ್ಮ. ಊಟದ ಜೊತೆಗೇ ಕಾಫಿ ಟೀ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತದು, ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿ ಎಂದರು ಅವರು.

ನೀವೂ ಕರೆಯುವುದಾದರೆ ಕಾಗದದಲ್ಲೇ ಸ್ಪಷ್ಟವಾಗಿ ಬರೆಯಿರಿ: ಯಾವ ವಿಷಯ, ಎಷ್ಟು ನಿಮಿಷ, ಕೇಳುವವರು ಯಾರು, ಕನ್ನಡದಲ್ಲೇ ಆಗಬೇಕು ಎಂದು. ಇಪ್ಪತ್ತು ನಿಮಿಷ ಮಾತು, ಇಪ್ಪತ್ತು ನಿಮಿಷ ಪ್ರಶ್ನೆ. ಪರಿಚಯ ಐದು ವಾಕ್ಯ ಮೀರದಿರಲಿ. ಎದ್ದು ನಿಂತು ಕೇಳಲು ಸಂಕೋಚಪಡುವವರಿಗಾಗಿ ಬಾಗಿಲ ಹತ್ತಿರ ಒಂದು ಡಬ್ಬ ಇಡಿ, ಹೆಸರಿಲ್ಲದ ಚೀಟಿ ಹಾಕಲಿ. ನಮ್ಮಲ್ಲಿ ಒಳ್ಳೊಳ್ಳೆ ಪ್ರಶ್ನೆಗಳೆಲ್ಲ ಆ ಡಬ್ಬದಿಂದಲೇ ಬಂದಿವೆ. ಹೊತ್ತು ಮಾತ್ರ ಮಧ್ಯಾಹ್ನ ಮೂರು ಗಂಟೆ. ರಾತ್ರಿ ಏಳೂವರೆಗೆ ಇಟ್ಟರೆ ಅಡುಗೆ ಬಿಟ್ಟು ಯಾರು ಬರುತ್ತಾರೆ?

ತಿಂಡಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಐವತ್ತು ಜನಕ್ಕೆ ಮೂರು ಕಿಲೋ ರವೆಯ ಉಪ್ಪಿಟ್ಟು ಧಾರಾಳ ಆಗುತ್ತದೆ. ರವೆಯನ್ನು ಹಿಂದಿನ ದಿನವೇ ಹುರಿದಿಡಿ, ಒಂದು ಅಳತೆಗೆ ಎರಡೂವರೆ ಅಳತೆ ನೀರು. ಬಡಿಸುವ ಕೆಲಸ ಈ ಸಲ ಗಂಡಸರು ಮಾಡಲಿ. ನಮ್ಮಲ್ಲಿ ಮಾಡುತ್ತಾರೆ, ಸ್ವಲ್ಪ ಚೆಲ್ಲುತ್ತಾರೆ, ಇರಲಿ.