ಕೈ ಮಾತಾಡುವಾಗ ಕಣ್ಣು ಕೊಡಿ



ಅಡಿಕೆ ಸುಲಿಯುವ ರಾತ್ರಿಯನ್ನು ನೆನಪು ಮಾಡಿಕೊಳ್ಳಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಇದನ್ನು ವರ್ಣಿಸಿ ಹೇಳಬೇಕಾಗಿಲ್ಲ. ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತರೆ ಕೈಗೆ ಕೆಲಸ, ಬಾಯಿಗೆ ಕತೆ. ಯಾರ ಮನೆಯಲ್ಲಿ ಮದುವೆ, ಯಾವ ಮೇಳದ ಆಟ, ಎಲ್ಲ ಸುದ್ದಿಯೂ ಅಲ್ಲೇ. ಆ ಸಾಲಿನಲ್ಲಿ ಕಿವಿ ಕೇಳದ ಕೂಸೊಂದು ಕೂತಿದ್ದರೆ? ಎಲ್ಲರಿಗಿಂತ ಚುರುಕಾಗಿ ಸುಲಿಯುತ್ತಾಳೆ, ಮಾತಿನಲ್ಲಿ ಅವಳಿಗೆ ಪಾಲಿಲ್ಲವಲ್ಲ! ಎಲ್ಲರೂ ನಕ್ಕಾಗ ತಾನೂ ನಗುತ್ತಾಳೆ. ಯಾಕೆ ನಕ್ಕಿದ್ದು ಎಂದು ಕಣ್ಣಲ್ಲೇ ಕೇಳಿದರೆ "ಆಮೇಲೆ ಹೇಳ್ತೆ" ಎಂದು ಕೈಯಾಡಿಸಿಬಿಡುತ್ತೇವೆ. ಆ ಆಮೇಲೆ ಬರುವುದೇ ಇಲ್ಲ.

ಸಿದ್ದಾಪುರದ ಕಡೆಯ ತಾಯಿಯೊಬ್ಬರು ಬರೆದಿದ್ದಾರೆ. ಮಗಳಿಗೆ ಹದಿನೇಳು ವರ್ಷ, ಹುಟ್ಟಿನಿಂದ ಕಿವಿ ಕೇಳಿಸದು. ಹಸೆ ಚಿತ್ತಾರ ಬರೆಯಲು ಕೂತಳೆಂದರೆ ಊಟದ ಪರಿವೆ ಇರುವುದಿಲ್ಲವಂತೆ. ಕಿವುಡ ಕಲಾವಿದರೂ ಕಿವಿ ಕೇಳುವ ಕಲಾವಿದರೂ ಒಂದು ತಿಂಗಳು ಒಟ್ಟಿಗೆ ಉಳಿದು ಚಿತ್ರ ಬರೆಯುವ ಶಿಬಿರಕ್ಕೆ ಅವಳನ್ನು ಕರೆದಿದ್ದಾರೆ. ಅಜ್ಜಿಯದು ಒಂದೇ ಹಟ: "ಮಾತು ಬಾರದ ಹೆಣ್ಣನ್ನು ಹೊರಗೆ ಕಳಿಸಬೇಡಿ." ತಂದೆ ಸುಮ್ಮನಿದ್ದಾರೆ. ಏನು ಮಾಡಲಿ ಎಂಬುದು ತಾಯಿಯ ಪ್ರಶ್ನೆ.

ಕಳಿಸಿ ತಾಯಿ. ಆದರೆ ನಾಲ್ಕು ಮಾತು ವಿಚಾರಿಸಿ ಕಳಿಸಿ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಅಜ್ಜಿಯ ಮಾತು ತೆಗೆದುಕೊಳ್ಳೋಣ.

"ಮಾತು ಬಾರದ ಹೆಣ್ಣು" ಅನ್ನುತ್ತಾರಲ್ಲ, ಮಾತು ಅಂದರೆ ಬಾಯಿಯದು ಮಾತ್ರವೇ? ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ ಅಲೀಪುರ ಅಂತ ಊರಿದೆ. ಅಲ್ಲಿ ಕಿವಿ ಕೇಳದವರು ತಲೆಮಾರುಗಳಿಂದ ಹೆಚ್ಚು. ಹಾಗಾಗಿ ಊರಿನದೇ ಒಂದು ಕೈಮಾತು ಬೆಳೆದಿದೆ. ಕಿವಿ ಕೇಳುವ ಎಷ್ಟೋ ಜನರಿಗೂ ಅದು ಬರುತ್ತದೆ. ಭಾಷಾಶಾಸ್ತ್ರದವರು ಹೋಗಿ ಕೂತು ಅಧ್ಯಯನ ಮಾಡಿದ್ದಾರೆ. ಕೈಮಾತಿಗೂ ವ್ಯಾಕರಣ ಇದೆ, ಜೋಕು ಇದೆ, ಜಗಳವೂ ಇದೆ! ದೊಡ್ಡ ದೊಡ್ಡ ಪಂಡಿತರೇ ಇದನ್ನು ಒಪ್ಪದ ಕಾಲವಿತ್ತು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಕರ ಸಮ್ಮೇಳನ ಸೇರಿ, ಶಾಲೆಗಳಲ್ಲಿ ಕೈಸನ್ನೆ ಬೇಡ, ತುಟಿ ನೋಡಿ ಬಾಯಲ್ಲೇ ಮಾತಾಡಲಿ ಎಂದು ನಿರ್ಣಯ ಮಾಡಿತು. ಮಕ್ಕಳ ಕೈಗೆ ಪೆಟ್ಟು ಬಿದ್ದವು. ಅಂಥದೇ ಸಮ್ಮೇಳನ 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದಾಗ ಆ ನಿರ್ಣಯವನ್ನು ತಿರಸ್ಕರಿಸಿ ವಿಷಾದ ಸೂಚಿಸಿತು. ನೂರಮೂವತ್ತು ವರ್ಷ ಬೇಕಾಯಿತು ನೋಡಿ.

ಕಲೆಯ ಮಾತಿಗೆ ಬಂದರೆ ಸತೀಶ್ ಗುಜ್ರಾಲ್ ಅವರ ಹೆಸರು ಕೇಳಿರುತ್ತೀರಿ. ಬಾಲ್ಯದಲ್ಲೇ ಕಿವಿ ಹೋಯಿತು. ಆದರೂ ಮನೆಯವರು ಲಾಹೋರಿನ ಕಲಾಶಾಲೆಗೆ ಕಳಿಸಿದರು. 1952ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಮೆಕ್ಸಿಕೊಗೆ ಹೋಗಿ, ಅಲ್ಲಿನ ದೊಡ್ಡ ಭಿತ್ತಿಚಿತ್ರಕಾರರ ಜತೆ ಇದ್ದು ಕಲಿತರು. ಭಾಷೆ ಗೊತ್ತಿಲ್ಲ, ಕಿವಿಯೂ ಇಲ್ಲ! ದಿಲ್ಲಿಯ ಬೆಲ್ಜಿಯಂ ರಾಯಭಾರ ಕಚೇರಿಯ ಕಟ್ಟಡ ಅವರದೇ ವಿನ್ಯಾಸ. 1999ರಲ್ಲಿ ಪದ್ಮವಿಭೂಷಣ ಬಂತು, 2020ರಲ್ಲಿ ತೀರಿಕೊಂಡರು. ಅವರನ್ನು ಮನೆಯ ಮೂಲೆಯಲ್ಲೇ ಕೂರಿಸಿದ್ದರೆ?

ನೃತ್ಯಗಾರ ಅಸ್ತಾದ್ ದೇಬೂ ಅವರಿಗೆ ಕಿವಿ ಕೇಳುತ್ತಿತ್ತು. ಅವರು ಚೆನ್ನೈನ ಕ್ಲಾರ್ಕ್ ಕಿವುಡರ ಶಾಲೆಯ ಹುಡುಗಿಯರ ಜತೆ ವರ್ಷಗಟ್ಟಲೆ ದುಡಿದು, 2005ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕಿವುಡರ ಒಲಿಂಪಿಕ್ಸ್ ನಡೆದಾಗ ಅವರನ್ನು ಕುಣಿಸಿದರು. ಹಾಡು ಕೇಳದೆ ಕುಣಿಯುವುದು ಹೇಗೆ ಅನ್ನುತ್ತೀರಾ? ಲೆಕ್ಕವಿದೆ, ಪಕ್ಕದವರ ಮೈ ನೋಡುವ ಕಣ್ಣಿದೆ. ನಮ್ಮ ಯಕ್ಷಗಾನದ ಚಂಡೆಯ ಪೆಟ್ಟು ಕೂಡ ಎದೆಗೇ ತಾಗುವುದಲ್ಲವೇ?

ಅಮೆರಿಕದ ಗ್ಯಾಲೊಡೆಟ್ ಕಿವುಡರ ವಿಶ್ವವಿದ್ಯಾಲಯ. ಅಲ್ಲಿ 1989ರ ಮೇ ತಿಂಗಳಲ್ಲಿ ಒಂಬತ್ತು ಜನ ಕಿವುಡ ಕಲಾವಿದರು ನಾಲ್ಕು ದಿನ ಒಟ್ಟಿಗೆ ಕೂತು, ನಮ್ಮ ಬದುಕನ್ನು ನಮ್ಮ ಕಣ್ಣಿನಿಂದಲೇ ಚಿತ್ರಿಸುತ್ತೇವೆ ಎಂದು ಘೋಷಣೆ ಬರೆದರು. ಕೈ, ಕಣ್ಣು, ಕಿವಿ, ಬಾಯಿ ಇವನ್ನು ದೊಡ್ಡದಾಗಿ, ಗಾಢ ಬಣ್ಣದಲ್ಲಿ ಬರೆಯುವುದು ಅವರ ರೀತಿ. ಬೇರೆಯವರ ಅನುಕಂಪಕ್ಕೆ ಕಾಯುವ ಚಿತ್ರಗಳಲ್ಲ ಅವು.

ಒಟ್ಟಿಗೆ ಉಳಿದು ಕಲೆ ಮಾಡುವುದು ನಮ್ಮ ಕಡೆಗೂ ಹೊಸದಲ್ಲ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್‌ನವರು ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಗೆ ಬಂದು, ಸಿದ್ದಿ ಜನರ ಜತೆ ಸೇರಿ ಆಫ್ರಿಕಾದ ಚಿನುವಾ ಅಚೆಬೆಯವರ ಕಾದಂಬರಿಯನ್ನು ನಾಟಕ ಮಾಡಿದ್ದರು. ಸಿದ್ದಿ ಹೆಂಗಸರ ಕೌದಿಯನ್ನೇ ನೋಡಿ. ಹಳೆ ಸೀರೆ ತುಂಡುಗಳನ್ನು ಜೋಡಿಸಿ, ಕೊನೆಗೆ ಮೂಲೆಗಳಿಗೆ ತ್ರಿಕೋನದ ಹೂ ಮಡಿಸಿ ಹೊಲಿದ ಮೇಲೇ ಅದು ಮುಗಿದಂತೆ. ದೀವರ ಹೆಂಗಸರ ಹಸೆ ಗೋಡೆಯೂ ಹಾಗೇ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಅತ್ತೆಯ ಕೈ ನೋಡಿ ಸೊಸೆ ಕಲಿತದ್ದು. ಕಣ್ಣಿನಿಂದ ಕಲಿಯುವ ವಿದ್ಯೆಯಲ್ಲಿ ಕಿವುಡ ಹುಡುಗಿ ಯಾರಿಗೆ ಕಡಿಮೆ?

ಈಗ ವಿಚಾರಿಸಬೇಕಾದ್ದು. ಶಿಬಿರದಲ್ಲಿ ಕೈಮಾತು ಬಲ್ಲ ಕಿವುಡ ಹಿರಿಯರು ಇದ್ದಾರೆಯೇ? ಬಹಳ ಮುಖ್ಯ ಇದು. ಸುತ್ತ ಕಿವಿ ಕೇಳುವವರೇ ಇದ್ದರೆ ಅಡಿಕೆ ಸುಲಿಯುವ ಸಾಲಿನ ಕತೆಯೇ ಅಲ್ಲೂ. ಮಾತು ತಿಳಿಸುವ ದುಭಾಷಿ ಇಡೀ ದಿನ ಇರುತ್ತಾರೋ, ಉದ್ಘಾಟನೆಗೆ ಮಾತ್ರವೋ? ಹೆಣ್ಣುಮಕ್ಕಳ ಕೋಣೆಯಲ್ಲಿ ಜವಾಬ್ದಾರಿಯ ಹೆಂಗಸು ಯಾರು? ರಾತ್ರಿ ಕಷ್ಟ ಬಂದರೆ ಕೂಗಿ ಕರೆಯಲಾಗದವಳು ಯಾರನ್ನು, ಹೇಗೆ ಎಬ್ಬಿಸಬೇಕು? ಇಬ್ಬರು ಸೇರಿ ಬರೆದ ಚಿತ್ರದಲ್ಲಿ ಅವಳ ಹೆಸರೂ ಇರುತ್ತದೆಯೇ, ಮಾರಿದರೆ ಹಣದಲ್ಲಿ ಪಾಲಿದೆಯೇ? ಇದನ್ನೆಲ್ಲ ಕಾಗದದಲ್ಲಿ ಬರೆಸಿಕೊಳ್ಳಿ. ಸಂಕೋಚ ಬೇಡ. ಉತ್ತರ ಕೊಡಲು ಬೇಸರಪಡುವವರಾದರೆ ಅಲ್ಲಿಗೆ ಕಳಿಸುವುದೇ ಬೇಡ.

ಇನ್ನು ನಿಮ್ಮ ಪಾಲಿನ ಕೆಲಸ. ನೀವೂ ಕೈಮಾತು ಕಲಿಯಿರಿ, ಸಾಧ್ಯವಾದರೆ ಅಜ್ಜಿಗೂ ಕಲಿಸಿ. ದಿಲ್ಲಿಯಲ್ಲಿ 2015ರಲ್ಲಿ ಭಾರತೀಯ ಸಂಜ್ಞಾ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುವಾಯಿತು. ಅವರ ನಿಘಂಟಿನಲ್ಲಿ 2021ರ ಹೊತ್ತಿಗೆ 10,000 ಪದಗಳು ಸೇರಿವೆ. ವಿಡಿಯೋದಲ್ಲಿ ಕೈ ಆಡಿಸಿ ತೋರಿಸುತ್ತಾರೆ, ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ. ದಿನಕ್ಕೆ ಐದು ಪದ ಸಾಕು. ಅನ್ನ, ನೀರು, ಹೊಟ್ಟೆನೋವು ಇವಕ್ಕೆಲ್ಲ ಮನೆಯ ಸನ್ನೆ ಇದ್ದೇ ಇರುತ್ತದೆ. ಇಲ್ಲದಿರುವುದು ನಾಚಿಕೆ, ಬೇಸರ, ನಾಡಿದ್ದು, ಅನುಮಾನ ಇಂಥವು. ಬೆಳೆದ ಹೆಣ್ಣುಮಗಳಿಗೆ ಇವೇ ಹೆಚ್ಚು ಬೇಕು.

ಮಾತಾಡುವಾಗ ದೀಪಕ್ಕೆ ಬೆನ್ನು ಹಾಕಿ ನಿಲ್ಲಬೇಡಿ, ಮುಖ ಕಪ್ಪಾಗಿ ಏನೂ ಕಾಣದು. ಹಿಂದಿನಿಂದ ಕೂಗುವ ಬದಲು ಭುಜ ತಟ್ಟಿ. ಸುಲಿಯುವಾಗ ಸಾಲಾಗಿ ಕೂರದೆ ದುಂಡಗೆ ಕೂತರೆ ಎಲ್ಲರ ಮುಖವೂ ಅವಳಿಗೆ ಕಾಣುತ್ತದೆ. ಒಳ್ಳೆ ಕತೆ ಬಂದಾಗ ಒಬ್ಬರು ಮೆಟ್ಟುಗತ್ತಿ ಬಿಟ್ಟು ಕೈ ಖಾಲಿ ಮಾಡಿಕೊಂಡು ಅವಳಿಗೆ ಹೇಳಿ. ಅಡಿಕೆ ಹತ್ತು ನಿಮಿಷ ಕಾಯುತ್ತದೆ.