ರಾತ್ರಿ ಕಿರುಚುವ ರೂಂಮೇಟ್‌ಗೆ ಹುಚ್ಚಲ್ಲ, ನಾಟಕವೂ ಅಲ್ಲ

ಒಂದು ರೂಮು, ಎಂಟು ಜನ, ಎರಡಂತಸ್ತಿನ ಮಂಚ. ನಡುರಾತ್ರಿ ಮೇಲಿನ ಮಂಚದ ಹುಡುಗ ಒಮ್ಮೆಲೇ ಕಿರುಚುತ್ತಾನೆ. ಸೈಕಲ್ ತುಳಿದ ಹಾಗೆ ಕಾಲು ಬಡಿಯುತ್ತಾನೆ, ಸೊಂಟ ಎತ್ತಿ ಹಾಕುತ್ತಾನೆ. ಅರ್ಧ ನಿಮಿಷ ಅಷ್ಟೇ. ಮತ್ತೆ ಎಂತದೂ ಆಗದವನ ಹಾಗೆ ಎದ್ದು ಕೂತು, "ಎಂತಾಯ್ತು ಕಾಕಾ?" ಎಂದು ಕೇಳುತ್ತಾನೆ. ಕೆಲವು ದಿನ ಒಂದೇ ರಾತ್ರಿ ನಾಲ್ಕೈದು ಸಲ.

ಬೆಳಗ್ಗೆ ನಾಲ್ಕಕ್ಕೆ ಡ್ಯೂಟಿ ಬಸ್ ಹಿಡಿಯಬೇಕಾದವರಿಗೆ ಸಿಟ್ಟು ಬರದೆ ಇರುತ್ತದೆಯೇ? ನಮ್ಮಲ್ಲಿ ಒಬ್ಬರು ಗಾಂಜಾ ಎಂದರು, ಒಬ್ಬರು ಕೆಲಸ ತಪ್ಪಿಸುವ ನಾಟಕ ಎಂದರು, ಮತ್ತೊಬ್ಬರು ಜಿನ್ನ್ ಬಾಧೆ, ಊರಿಂದ ನೂಲು ತರಿಸುವ ಎಂದರು. ಎಲ್ಲರೂ ಸೇರಿ ಅವನನ್ನು ರೂಮಿನಿಂದ ಕಳಿಸಲು ಹೊರಟದ್ದೂ ಹೌದು. ನಾಚಿಕೆಯ ವಿಷಯ, ಆದರೂ ಬರೆಯುತ್ತಿದ್ದೇವೆ.

ಅದು ಫಿಟ್ಸ್. ಮೆದುಳಿನ ಮುಂಭಾಗದಿಂದ, ಅಂದರೆ ಹಣೆಯ ಹಿಂದಿನ ಭಾಗದಿಂದ ಹೊರಡುವ ಅಪಸ್ಮಾರ. ಫಿಟ್ಸ್ ಎಂದರೆ ಬಿದ್ದು, ನೊರೆ ಬಂದು, ಅರ್ಧ ಗಂಟೆ ಪ್ರಜ್ಞೆ ಇಲ್ಲದೆ ಮಲಗುವುದು ಎಂದೇ ನಾವು ತಿಳಿದಿದ್ದೆವು. ಇದು ಹಾಗಲ್ಲ. ಹೆಚ್ಚಾಗಿ ನಿದ್ದೆಯಲ್ಲೇ ಬರುತ್ತದೆ, ತಟ್ಟನೆ ಶುರುವಾಗಿ ತಟ್ಟನೆ ನಿಲ್ಲುತ್ತದೆ. ಕೆಲವರಿಗೆ ಕುತ್ತಿಗೆ ಒಂದು ಬದಿಗೆ ತಿರುಗಿ, ಒಂದು ಕೈ ಸೆಟೆದು ನಿಲ್ಲುತ್ತದೆ. ಕೆಲವರಿಗೆ ಆಗುವುದೆಲ್ಲ ಗೊತ್ತಿರುತ್ತದೆ, ಮಾತಾಡಲು ಮಾತ್ರ ಆಗುವುದಿಲ್ಲ. ಎಷ್ಟೋ ಸಲ ಇಇಜಿ ಕೂಡ ನಾರ್ಮಲ್ ಬರುತ್ತದೆ. ಹಾಗಾಗಿ "ಟೆನ್ಶನ್, ಕೆಟ್ಟ ಕನಸು" ಎಂದು ಮಾನಸಿಕ ಮಾತ್ರೆ ಕೊಟ್ಟು ಕಳಿಸಿದವರೂ ಉಂಟು.

ಇಲ್ಲಿ ರೂಂಮೇಟ್ ದೊಡ್ಡ ಸಾಕ್ಷಿ. ರೋಗಿಗೆ ತಾನು ಎಂತ ಮಾಡಿದೆ ಎಂದು ಹೇಳಲು ಬರುವುದಿಲ್ಲ, ನಮಗೆ ಬರುತ್ತದೆ. ಅವನ ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ವಿಡಿಯೋ ತೆಗೆಯಿರಿ, ಎಷ್ಟು ಸೆಕೆಂಡು, ರಾತ್ರಿಗೆ ಎಷ್ಟು ಸಲ ಎಂದು ಬರೆದಿಡಿ. ನರರೋಗ ತಜ್ಞರಿಗೆ ಮಾತ್ರ ತೋರಿಸಿ. ವಾಟ್ಸಾಪ್ ಗ್ರೂಪಿಗೆ ಹಾಕುವವನು ಸ್ನೇಹಿತನಲ್ಲ. ರಜೆಯಲ್ಲಿ ಊರಿಗೆ ಹೋದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಡಿಯೋ ಸಹಿತ ಇಇಜಿ ಮಾಡುವ ವ್ಯವಸ್ಥೆ ಉಂಟು.

ಫಿಟ್ಸ್ ಬಂದಾಗ ಕೈಗೆ ಬೀಗದ ಕೀ ಕೊಡಬೇಡಿ, ಬಾಯಿಗೆ ಚಮಚ ತುರುಕಬೇಡಿ, ಗಟ್ಟಿ ಹಿಡಿಯಬೇಡಿ. ಬೀಳದ ಹಾಗೆ ನೋಡಿ, ಎಚ್ಚರ ಇಲ್ಲದಿದ್ದರೆ ಬದಿಗೆ ಮಲಗಿಸಿ. ಐದು ನಿಮಿಷ ದಾಟಿದರೆ ಆಂಬ್ಯುಲೆನ್ಸ್: ಯುಎಇಯಲ್ಲಿ 998, ಸೌದಿಯಲ್ಲಿ 997.

ಮಾತ್ರೆಯಿಂದ ಹಿಡಿತಕ್ಕೆ ಬರುವವರು ಬಹಳ. ನಿದ್ದೆ ಕೆಟ್ಟರೆ, ಮಾತ್ರೆ ತಪ್ಪಿದರೆ ಮತ್ತೆ ಬರುತ್ತದೆ. ಓವರ್‌ಟೈಮ್ ಆಸೆಗೆ ಎರಡೂ ಆಗುವುದನ್ನು ಕಂಡಿದ್ದೇವೆ. ಊರಿಂದ ಮಾತ್ರೆ ತರುವಾಗ ಡಾಕ್ಟರ ಚೀಟಿ ಇರಲಿ. ಕ್ಲೊನಾಜೆಪಾಮ್‌ನಂಥದ್ದಕ್ಕೆ ಯುಎಇಯಲ್ಲಿ ಮೊದಲೇ ಅನುಮತಿ ಬೇಕು.

ಕೆಲಸ ಹೋದೀತೆಂದು ಮುಚ್ಚಿಡುವವರ ಹೆದರಿಕೆ ನಮಗೆ ಅರ್ಥವಾಗುತ್ತದೆ. ಸಾಲ, ತಂಗಿಯ ಮದುವೆ, ಎಲ್ಲ ಉಂಟು. ಆದರೂ ಡಾಕ್ಟರು ಸರಿ ಎನ್ನುವವರೆಗೆ ಸ್ಕ್ಯಾಫೋಲ್ಡಿಂಗ್ ಹತ್ತುವುದು, ಗಾಡಿ ಓಡಿಸುವುದು ಬೇಡವೇ ಬೇಡ. ಹುಡುಗ ಈಗ ಸ್ಟೋರಿನಲ್ಲಿದ್ದಾನೆ, ಸಂಬಳ ಸ್ವಲ್ಪ ಕಡಿಮೆ.

ಅವನಿಗೆ ಕೆಳಗಿನ ಮಂಚ ಕೊಟ್ಟಿದ್ದೇವೆ. ಬಿಟ್ಟುಕೊಟ್ಟ ಕಾಕನಿಗೆ ಮೊಣಕಾಲು ನೋವು. ದಿನಾ ಗೊಣಗುತ್ತಾರೆ, ಏಣಿ ಹತ್ತುತ್ತಾರೆ.