ಕುಮಾರ ಪರ್ವತಕ್ಕೆ ನಿದ್ದೆಗೆಟ್ಟು ಬರಬೇಡಿ

ಶುಕ್ರವಾರ ರಾತ್ರಿ ಬೆಂಗಳೂರು ಬಿಡುವುದು, ಘಾಟಿಯ ತಿರುವುಗಳಲ್ಲಿ ತೂಕಡಿಸುವುದು, ನಸುಕಿನಲ್ಲಿ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಇಳಿಯುವುದು. ಮುಖಕ್ಕೆ ನೀರು ಹಾಕಿಕೊಂಡು, ಎರಡು ಇಡ್ಲಿ ತಿಂದು ನೇರ ಕುಮಾರ ಪರ್ವತ. ಸಂಜೆ ಇಳಿದವರು ರಾತ್ರಿ ಮತ್ತೆ ಬಸ್ಸಿನಲ್ಲಿ. ಚಳಿಗಾಲ ಬಂತೆಂದರೆ ಚಾರಣದ ಜಾಹೀರಾತುಗಳಲ್ಲಿ ಇದೇ ವೇಳಾಪಟ್ಟಿ. ಚಾರಣಕ್ಕೆ ಹೊರಟ ಗೆಳೆಯರಲ್ಲಿ ನನ್ನದು ಒಂದೇ ವಿನಂತಿ: ಹೀಗೆ ಬರಬೇಡಿ. ಹಿಂದಿನ ರಾತ್ರಿ ಕುಕ್ಕೆಯಲ್ಲಿ ಕಾಲು ಚಾಚಿ ಮಲಗಿ, ಆಮೇಲೆ ಹತ್ತಿ.

‘1,930 ಮೀಟರಿನ ಮುಳ್ಳಯ್ಯನಗಿರಿಯನ್ನೇ ಹತ್ತಿದ್ದೇವೆ, 1,712 ಮೀಟರಿನ ಇದೇನು ಮಹಾ’ ಎನ್ನುವವರಿದ್ದಾರೆ. ಅಲ್ಲಿ ತುದಿಯ ಹತ್ತಿರದವರೆಗೂ ರಸ್ತೆಯಿದೆ. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ. ಒಂದೂವರೆ ಸಾವಿರ ಮೀಟರಿಗೂ ಮಿಕ್ಕ ಏರನ್ನು ಇಲ್ಲಿ ಕಾಲೇ ಏರಬೇಕು, ಕಾಲೇ ಇಳಿಯಬೇಕು. ಹೋಗಿಬರುವ ದಾರಿ 25 ಕಿಲೋಮೀಟರಿನ ಆಸುಪಾಸು. ಪುಷ್ಪಗಿರಿ ವನ್ಯಜೀವಿಧಾಮದ ಈ ತುದಿಯಲ್ಲಿ ಟೆಂಟ್ ಹಾಕಿ ರಾತ್ರಿ ಕಳೆಯುವಂತಿಲ್ಲ. ಎಲ್ಲ ಒಂದೇ ಹಗಲಿನಲ್ಲಿ ಮುಗಿಯಬೇಕು. ಜನವರಿಯಲ್ಲಿ ಆ ಹಗಲು ಹನ್ನೊಂದೂವರೆ ಗಂಟೆ. ಕಾಡಿನೊಳಗೆ ಕತ್ತಲು ಇನ್ನೂ ಬೇಗ.

ಶುರುವಿನಲ್ಲಿ ದಟ್ಟ ಕಾಡು, ಬೇರುಗಳೇ ಮೆಟ್ಟಿಲು. ಗಿರಿಗದ್ದೆಯ ಭಟ್ಟರ ಮನೆ ದಾಟಿದ ಮೇಲೆ ಬಟಾಬಯಲು ಹುಲ್ಲುಗಾವಲು. ಚಳಿಗಾಲ ಅಂತ ಹೆಸರಿಗೆ, ಹತ್ತು ಗಂಟೆಯ ಬಿಸಿಲಿಗೇ ಕುತ್ತಿಗೆ ಸುಡುತ್ತದೆ. ನೆರಳಿಗೆ ಸಿಗುವುದು ಕಲ್ಲಿನ ಮಂಟಪವೊಂದೇ. ಅದರ ಹತ್ತಿರದ ನೀರೂ ಬೇಸಿಗೆ ಸಮೀಪಿಸಿದಂತೆ ಸಣ್ಣಗಾಗುತ್ತದೆ. ಏದುಸಿರು ಬಿಡುತ್ತಾ ಶೇಷ ಪರ್ವತದ ನೆತ್ತಿಗೆ ಬಂದವರು ‘ಅಂತೂ ಮುಗಿಯಿತು’ ಎಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಕುಮಾರ ಪರ್ವತ ಎದುರಿಗಿದೆ. ನಡುವೆ ಒಂದು ಇಳಿಜಾರು, ಶೋಲಾ ಕಾಡು, ಅದರಾಚೆ ನೀರು ಜಿನುಗುವ ನುಣುಪು ಬಂಡೆ. ಬಂಡೆ ಹತ್ತುವಾಗ ಹೇಗೋ ಕೈಯೂರಿ ಹತ್ತುತ್ತೇವೆ. ಇಳಿಯುವಾಗ ಕೂತು ಜಾರಬೇಕು. ಬಳಿಕ ಶೇಷ ಪರ್ವತವನ್ನು ಇನ್ನೊಮ್ಮೆ ಹತ್ತಬೇಕು. ಹಿಂದಿನ ರಾತ್ರಿ ನಿದ್ದೆ ಮಾಡದವರ ಕಾಲು ಸೋಲುವುದು ಇಲ್ಲೇ. ಅವರು ಬಂಡೆಯ ಮೇಲೆ ಸುಮ್ಮನೆ ಕೂತುಬಿಡುತ್ತಾರೆ. ಕರೆದರೆ ‘ಐದು ನಿಮಿಷ’ ಎನ್ನುತ್ತಾರೆ. ಆ ಐದು ನಿಮಿಷಗಳೆಲ್ಲ ಸೇರಿ ಕೊನೆಯ ಕಾಡಿನ ಹಾದಿ ಕತ್ತಲಿಗೆ ಸಿಗುತ್ತದೆ. ಆನೆ ಓಡಾಡುವ ಕಾಡು. ಕೈಯಲ್ಲಿ ಮೊಬೈಲ್ ಟಾರ್ಚು, ಅದರಲ್ಲಿ ಉಳಿದ ಅಷ್ಟಿಷ್ಟು ಚಾರ್ಜು. ಕಾಲು ಉಳುಕಿದರೆ ನಿಮ್ಮನ್ನು ಹೊತ್ತು ತರಲು ರಾತ್ರಿ ಹತ್ತಿ ಬರಬೇಕಾದವರು ಅರಣ್ಯ ಸಿಬ್ಬಂದಿ, ಊರಿನ ಹುಡುಗರು.

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಇಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಅದಾದ ಮೇಲೆ ಅರಣ್ಯ ಇಲಾಖೆ ಚಾರಣವನ್ನೇ ನಿಲ್ಲಿಸಿ, ಮುಂದೆ ಆನ್‌ಲೈನ್ ಟಿಕೆಟ್ ತಂದಿತು, ದಿನಕ್ಕೆ ಇಷ್ಟೇ ಮಂದಿ ಎಂದಿತು. ಒಳ್ಳೆಯದೇ ಆಯಿತು. ಆದರೆ ಟಿಕೆಟ್ಟಿನಲ್ಲಿ ತಾರೀಕು ಅಚ್ಚಾಗಿರುವುದರಿಂದ ಹಟವೂ ಹೆಚ್ಚಿದೆ. ದುಡ್ಡು ಕೊಟ್ಟಿದ್ದೇವೆ, ಇವತ್ತು ಬಿಟ್ಟರೆ ಮತ್ತೆ ಸಿಗುವುದು ಯಾವಾಗಲೋ ಎಂದು ಜ್ವರದಲ್ಲೂ ಹತ್ತುವವರಿದ್ದಾರೆ.

ಅದಕ್ಕೇ, ಮೊದಲು ರೂಮು ಸಿಗುವ ದಿನ ನೋಡಿ, ಆಮೇಲೆ ಟಿಕೆಟ್ ತೆಗೆಯಿರಿ. ಚಂಪಾ ಷಷ್ಠಿಯ ಸುತ್ತಮುತ್ತ ಕುಕ್ಕೆಯಲ್ಲಿ ರೂಮು ಸಿಗುವುದು ಕಷ್ಟ; ಆ ವಾರ ಬಿಟ್ಟುಬಿಡಿ. ತಿರುಗುವ ಹೊತ್ತನ್ನು ಬುಡದಲ್ಲೇ ಗೊತ್ತುಮಾಡಿಕೊಳ್ಳಿ. ಮಧ್ಯಾಹ್ನ ಹನ್ನೆರಡೂವರೆಯಾದರೂ ಶೇಷ ಪರ್ವತ ಮುಟ್ಟದಿದ್ದರೆ ನಾನಂತೂ ಮುಂದೆ ಹೋಗಲಾರೆ, ತುದಿ ಎಷ್ಟು ಹತ್ತಿರ ಕಂಡರೂ ಸರಿಯೇ. ತಲೆಗೊಂದು ಟಾರ್ಚು, ಆಳಿಗೆ ಮೂರು ಲೀಟರ್ ನೀರು. ಬೀಡಿ, ಸಿಗರೇಟು, ಬೆಂಕಿಪೊಟ್ಟಣ ಬೇಡವೇ ಬೇಡ; ಒಣಗಿದ ಹುಲ್ಲಿಗೆ ಒಂದು ಕಿಡಿ ಸಾಕು. ಅಷ್ಟು ಉದ್ದದ ದಾರಿ ಬೇಡವೆನ್ನುವವರಿಗೆ ಸೋಮವಾರಪೇಟೆ ಕಡೆಯ ಬೀದಹಳ್ಳಿಯಿಂದ ಗಿಡ್ಡ ದಾರಿಯಿದೆ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಚಾರಣ ಏರ್ಪಡಿಸುವವರಿಗೂ ಒಂದು ಮಾತು. ಒಂದು ರಾತ್ರಿಯ ವಾಸ್ತವ್ಯ ಸೇರಿಸಿದರೆ ದರ ಏರುತ್ತದೆ, ಗಿರಾಕಿ ಕಡಿಮೆಯಾಗುತ್ತಾರೆ, ಬಲ್ಲೆ. ಆದರೆ ರಾತ್ರಿಯಿಡೀ ಗಾಡಿ ಓಡಿಸಿದ ಚಾಲಕ ಹಗಲು ಸೀಟಿನಲ್ಲೇ ಮುದುಡಿ ಮಲಗಿ, ಮತ್ತೆ ರಾತ್ರಿ ಘಾಟಿ ಹತ್ತಿಸಬೇಕಲ್ಲ, ಅವನ ಲೆಕ್ಕವನ್ನೂ ಹಾಕಿ. ಈಗಾಗಲೇ ಟಿಕೆಟ್ ತೆಗೆದು, ನಿದ್ದೆಗೆಟ್ಟೇ ಬಂದಿಳಿದಿರುವವರು ಭಟ್ಟರ ಮನೆಯವರೆಗೆ ಮಾತ್ರ ಹತ್ತಿ, ಶೇಷ ಪರ್ವತವನ್ನು ಅಲ್ಲಿಂದಲೇ ನೋಡಿ, ಬೆಳಕಿರುವಾಗಲೇ ಇಳಿದುಬಿಡಿ.